ತಾತನ ಸೈಕಲ್ಲಿನಿಂದ 13 ಮಿಲಿಮೀಟರ್ ದೂರ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯ ಸೈಕಲ್ ಶಾಪಿನವರು ನನ್ನ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲ್ ಕೂರುವ ಜಾಗದ ಹಿಂದೆ ಬೆರಳಿಟ್ಟು ತೋರಿಸಿದರು. ಅಲ್ಲಿ ವೆಲ್ಡಿಂಗ್ ಬಿಟ್ಟು ಕೂದಲೆಳೆಯಷ್ಟು ಬಿರುಕು ಕಾಣಿಸುತ್ತಿತ್ತು. "ಅಮ್ಮಾ, ಇದಕ್ಕೆ ಇನ್ನು ದುಡ್ಡು ಹಾಕ್ಬೇಡಿ. ಇವತ್ತು ಬೆಸೆದು ಕೊಡ್ತೀನಿ, ನಾಳೆ ಇನ್ನೊಂದ್ ಕಡೆ ಬಿಡುತ್ತೆ. ಹೊಸದು ನೋಡ್ಕೊಳ್ಳಿ" ಅಂದರು. ಹದಿನಾರು ವರ್ಷ ಹಳೆಯ ಸೈಕಲ್ ಅದು. ನನಗಾಗಿ ಕೊಂಡದ್ದಲ್ಲ, ಅಣ್ಣನಿಗೆ ಕೊಂಡದ್ದು. ಅವನು ಬೈಕ್ ತೆಗೆದುಕೊಂಡ ಮೇಲೆ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದುದನ್ನು ನಾನು ಪಿಎಚ್.ಡಿ.ಗೆ ಸೇರಿದ ವರ್ಷ ಬಸ್ಸಿನ ಮೇಲೆ ಹಾಕಿಸಿಕೊಂಡು ಮೈಸೂರಿಗೆ ತಂದಿದ್ದೆ. ದಪ್ಪ ಹಲ್ಲಿನ ಟೈರು, ಮುಂದೆ ಎರಡು ಸ್ಪ್ರಿಂಗು, ಸೀಟಿನ ಕೆಳಗೊಂದು ಸ್ಪ್ರಿಂಗು. ನಮ್ಮ ಕಡೆ ಇದಕ್ಕೆ 'ರೇಂಜರ್ ಸೈಕಲ್' ಎನ್ನುತ್ತಾರೆ. ಯಾವ ಕಂಪನಿಯದ್ದಾದರೂ ಸರಿ, ಆಕಾರ ಹಾಗಿದ್ದರೆ ಅದು ರೇಂಜರ್.

ಶ್ರೀರಾಂಪುರದ ನನ್ನ ಬಾಡಿಗೆ ಕೋಣೆಯಿಂದ ಮಾನಸಗಂಗೋತ್ರಿಗೆ ಐದಾರು ಕಿಲೋಮೀಟರ್. ಅಷ್ಟಕ್ಕೇ ಬೆವರಿಳಿದು ಹೋಗುತ್ತಿತ್ತು. ನನ್ನ ಕಾಲಿನಲ್ಲೇ ಶಕ್ತಿ ಇಲ್ಲ ಎಂದುಕೊಂಡಿದ್ದೆ. ಹೊಸ ಸೈಕಲ್ ಹುಡುಕಲು ಹೊರಟಾಗಲೇ ಗೊತ್ತಾದದ್ದು, ತಪ್ಪು ಕಾಲಿನದ್ದಲ್ಲ, ಬೆಟ್ಟ ಇಳಿಯಲು ಹುಟ್ಟಿದ ಗಾಡಿಯನ್ನು ನಾನು ಡಾಂಬರು ರಸ್ತೆಯಲ್ಲಿ ತುಳಿಯುತ್ತಿದ್ದೆ ಎಂದು. ಚರಿತ್ರೆಯ ವಿದ್ಯಾರ್ಥಿಯಾದ್ದರಿಂದ ಯಾವುದನ್ನು ಕೊಳ್ಳಲಿ ಎಂಬ ಪ್ರಶ್ನೆಗೆ ಮೊದಲು ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ ಕೇಳುವ ಚಟ ನನಗಿದೆ. ಅಂಗಡಿಯ ಮುಂದೆ ನಿಂತು ಆ ಚಟ ಹತ್ತಿಸಿಕೊಂಡ ಕಥೆ ಇದು.

ಸೈಕಲ್ಲಿನ ಚರಿತ್ರೆ ಒಂದು ರೀತಿಯಲ್ಲಿ ರಸ್ತೆಗಳ ಚರಿತ್ರೆ. 1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರಗಳ ನಡುವೆ ಮರದ ದಿಮ್ಮಿ ಕೂರಿಸಿ, ನೆಲವನ್ನು ಕಾಲಿನಿಂದ ಒದೆಯುತ್ತಾ ಓಡಿಸಿದ. ಅದಕ್ಕೆ ಪೆಡಲ್ ಇರಲಿಲ್ಲ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೇ ಪೆಡಲ್ ಬಂತು. ಆಗ ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಹಾಗಾಗಿಯೇ ಹಳೆಯ ಚಿತ್ರಗಳಲ್ಲಿ ಕಾಣುವ, ಎದೆಮಟ್ಟದ ಮುಂಚಕ್ರದ ಆ ವಿಚಿತ್ರ ಸೈಕಲ್ ಹುಟ್ಟಿದ್ದು. ಬಿದ್ದರೆ ಮೂಗು ಮೊದಲು ನೆಲ ಮುಟ್ಟುತ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಹಿಂಚಕ್ರವನ್ನು ತಿರುಗಿಸುವ, ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ ರೋವರ್ ಸೈಕಲ್ ಮಾಡಿದ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಡನ್‌ಲಪ್ ಎಂಬ ಪಶುವೈದ್ಯ ಮಗನ ಮೂರುಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಕಟ್ಟಿದ. ಅಲ್ಲಿಗೆ ಸೈಕಲ್ಲಿನ ಮೂಲ ಆಕಾರ ಮುಗಿಯಿತು. ಮುಂದಿನದ್ದೆಲ್ಲ ಯಾವ ರಸ್ತೆಗೆ, ಯಾರಿಗೆ ಎಂಬುದರ ಕಥೆ.

ನಮ್ಮಲ್ಲಿಗೆ ಬಂದದ್ದು ಇಂಗ್ಲಿಷರ 'ರೋಡ್‌ಸ್ಟರ್'. ನೆಟ್ಟಗೆ ಕೂರುವ ಭಂಗಿ, ಎತ್ತರದ 28 ಇಂಚಿನ ಚಕ್ರ, ಕಂಬಿ ಬ್ರೇಕು, ಕಪ್ಪು ಬಣ್ಣ. ಮೊದಲು ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ, ಹರ್ಕ್ಯುಲಸ್‌ಗಳು ಹಡಗಿನಲ್ಲಿ ಬರುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದ್ರಾಸಿನಲ್ಲಿ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಸ್ಥಾಪನೆಯಾಗಿ ಹರ್ಕ್ಯುಲಸ್ ಸೈಕಲ್ಲನ್ನು ಇಲ್ಲೇ ಮಾಡತೊಡಗಿತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನಾದಲ್ಲಿ ಹೀರೋ ಶುರುವಾದವು. ಇಂಗ್ಲೆಂಡಿನ ಗುಮಾಸ್ತರು ಕಚೇರಿಗೆ ಹೋಗಲೆಂದು ಮಾಡಿದ ಗಾಡಿ ಇಲ್ಲಿ ಹಾಲಿನ ಕ್ಯಾನು, ಸೌದೆ, ಹುಲ್ಲಿನ ಹೊರೆ, ಹೆಂಡತಿ, ಎರಡು ಮಕ್ಕಳು ಎಲ್ಲವನ್ನೂ ಹೊತ್ತಿತು. ಭಾರ ಹೊರಲೆಂದು ಚೌಕಟ್ಟಿಗೆ ಎರಡನೇ ಬಾರು ಸೇರಿತು, ಕ್ಯಾರಿಯರ್ ದಪ್ಪವಾಯಿತು, ಎರಡು ಕಾಲಿನ ಸ್ಟ್ಯಾಂಡ್ ಬಂತು.

ನನ್ನ ತಾತನದ್ದು ಅಂಥದ್ದೇ ಸೈಕಲ್. ನಂಜನಗೂಡಿನ ಹತ್ತಿರದ ನಮ್ಮ ಊರಿನಿಂದ ಪೇಟೆಯ ಹೋಟೆಲುಗಳಿಗೆ ದಿನಾ ಬೆಳಿಗ್ಗೆ ಎರಡು ಕ್ಯಾನು ಹಾಲು. ಹೋಗಿಬರಲು ಹದಿನೆಂಟು ಕಿಲೋಮೀಟರ್. ಆ ಕಾಲಕ್ಕೆ ಹಲವು ಊರುಗಳಲ್ಲಿ ಸೈಕಲ್ಲಿಗೂ ಪುರಸಭೆಯ ತೆರಿಗೆ ಇತ್ತು, ಕಟ್ಟಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು. ರಾತ್ರಿ ದೀಪವಿಲ್ಲದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ದಂಡ ಹಾಕುವರು, ಇಲ್ಲವೇ ಗಾಳಿ ಬಿಟ್ಟು ಕಳಿಸುವರು. ತಾತ ತನ್ನ ಬಿಲ್ಲೆಯನ್ನು ಸತ್ತ ಎತ್ತಿನ ಗೆಜ್ಜೆ ಇಟ್ಟಿದ್ದ ಡಬ್ಬಿಯಲ್ಲೇ ಇಟ್ಟಿದ್ದರು. ಅವರ ಪಾಲಿಗೆ ಎರಡೂ ಒಂದೇ ಜಾತಿಯ ವಸ್ತು, ದುಡಿದ ಜೀವಗಳ ನೆನಪು.

ನಾನು ಸೈಕಲ್ ಕಲಿತದ್ದು ಅದರಲ್ಲೇ. ಸೀಟಿಗೆ ಏರಲು ಎಟುಕದೆ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆ. ಅಣ್ಣ ಮಾತ್ರ ಅದನ್ನು ಮುಟ್ಟಲು ನಾಚುತ್ತಿದ್ದ. ಅವನು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದವನು. ಅಲ್ಲಿನ ಹುಡುಗರು ಅದಕ್ಕೆ 'ಹಾಲಿನೋರ ಗಾಡಿ' ಎಂದರಂತೆ. 2008ರಲ್ಲಿ ಅಪ್ಪ ಸಂಘದಲ್ಲಿ ಸಾಲ ತೆಗೆದು ಅವನಿಗೆ ರೇಂಜರ್ ಕೊಡಿಸಿದರು. ಅದರ ಮೇಲೆ ಅವನು ಹೊಲದ ಬದು ಕೂಡ ಹತ್ತಿಸಲಿಲ್ಲ. ಆದರೆ ಶಾಲೆಯ ಗೇಟಿನಲ್ಲಿ ಒಂದು ಕಾಲು ನೆಲಕ್ಕೂರಿ ನಿಂತ ಅವನ ಠೀವಿ ಇನ್ನೂ ನನ್ನ ಕಣ್ಣಲ್ಲಿದೆ.

ಆ ಠೀವಿ ಎಲ್ಲಿಂದ ಬಂತು ಎಂದು ಹುಡುಕಿದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋದ ಉತ್ತರಕ್ಕೆ ಮರೀನ್ ಕೌಂಟಿ ಎಂಬ ಪ್ರದೇಶ. ಅಲ್ಲಿ ಮೌಂಟ್ ಟಮಲ್ಪಾಯಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು ಗುಜರಿಯಿಂದ 1930-40ರ ದಶಕದ ಶ್ವಿನ್ ಕಂಪನಿಯ ಹಳೆಯ ಸೈಕಲ್ಲುಗಳನ್ನು ತಂದು ಮಣ್ಣಿನ ದಾರಿಯಲ್ಲಿ ಇಳಿಜಾರಿಗೆ ಬಿಡುತ್ತಿದ್ದರು. ಪೇಪರ್ ಹಾಕುವ ಹುಡುಗರು ಓಡಿಸುತ್ತಿದ್ದ, ಗಟ್ಟಿಯಾದ, ದಪ್ಪ ಟೈರಿನ ಸೈಕಲ್ಲುಗಳವು. ಹೊಸ ರೇಸಿಂಗ್ ಸೈಕಲ್ಲಿನ ತೆಳು ಚಕ್ರ ಆ ಕಲ್ಲುದಾರಿಯಲ್ಲಿ ಉಳಿಯುತ್ತಿರಲಿಲ್ಲ. 1976ರ ಅಕ್ಟೋಬರ್ 21ರಂದು ಅವರು ಒಂದು ಪಂದ್ಯವನ್ನೇ ಶುರುಮಾಡಿದರು. ಸುಮಾರು 2 ಮೈಲಿಯಲ್ಲಿ 1,300 ಅಡಿ ಇಳಿಯುವ ದಾರಿ. ಇಳಿದು ಮುಗಿಯುವಷ್ಟರಲ್ಲಿ ಹಿಂಚಕ್ರದ ಗುಂಬದೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಿತ್ತು.

ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನು ಮಾರಲು 'ಮೌಂಟನ್‌ಬೈಕ್ಸ್' ಎಂಬ ಅಂಗಡಿ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ 'ಸ್ಟಂಪ್‌ಜಂಪರ್' ಮಾರುಕಟ್ಟೆಗೆ ಬಂದ ಮೇಲೆ ಇದು ಹುಡುಗಾಟವಾಗಿ ಉಳಿಯಲಿಲ್ಲ. ಅಂದರೆ ಮೌಂಟನ್ ಬೈಕಿನ ಒಂದೊಂದು ಅಂಗಕ್ಕೂ ಒಂದು ಕಾರಣವಿತ್ತು. ಸಡಿಲ ಮಣ್ಣನ್ನು ಕಚ್ಚಲು ಹಲ್ಲಿನ ಟೈರು. ಗುದ್ದು ತಿಂದು ಬಾಗದಿರಲು 26 ಇಂಚಿನ ಚಿಕ್ಕ, ಗಟ್ಟಿ ಚಕ್ರ. ಇಳಿಜಾರಿನಲ್ಲಿ ಹಿಡಿತ ತಪ್ಪದಿರಲು ಅಗಲವಾದ ನೇರ ಹ್ಯಾಂಡಲ್. ಮತ್ತೆ ಅದೇ ಬೆಟ್ಟ ಹತ್ತಲು ಗೇರು.

ಆಕಾರಗಳು ಪ್ರವಾಸ ಹೊರಡುವಾಗ ಕಾರಣಗಳನ್ನು ಮನೆಯಲ್ಲೇ ಬಿಟ್ಟು ಬರುತ್ತವೆ. ನಮ್ಮ ಸೈಕಲ್ ಉದ್ಯಮದಲ್ಲಿ ಒಂದು ವಿಂಗಡಣೆ ಇದೆ: ಕಪ್ಪು ರೋಡ್‌ಸ್ಟರ್ 'ಸ್ಟ್ಯಾಂಡರ್ಡ್', ಉಳಿದ ಬಣ್ಣಬಣ್ಣದವೆಲ್ಲ 'ಸ್ಪೆಷಲ್'. ರೇಂಜರ್ ಈ ಸ್ಪೆಷಲ್ ಪೈಕಿ. ಇಲ್ಲಿ ಅದರ ದಪ್ಪ ಟೈರು ಉಳಿಯಿತು, ಅಗ್ಗದವುಗಳಲ್ಲಿ ಗೇರು ಹೋಯಿತು. ಹಗುರ ಕಬ್ಬಿಣದ ಬದಲು ನೀರಿನ ಪೈಪಿನಂಥ ಕಬ್ಬಿಣ ಬಂತು. ಕ್ಯಾಲಿಫೋರ್ನಿಯಾದ ಆ ಮೊದಲ ಹುಡುಗರ ಗಾಡಿಯಲ್ಲಿ ಇಲ್ಲದೇ ಇದ್ದ ಸ್ಪ್ರಿಂಗುಗಳು ಸೇರಿದವು. ಮಣ್ಣು ಕಚ್ಚುವ ಟೈರು ಡಾಂಬರಿನ ಮೇಲೆ ಹಿಂಡಿಕೊಂಡು ಗುಂಯ್ ಎಂದು ಸದ್ದು ಮಾಡುತ್ತಾ ಕಾಲಿನ ಶಕ್ತಿ ತಿನ್ನುತ್ತದೆ. ಅಗ್ಗದ ಸ್ಪ್ರಿಂಗು ಪ್ರತಿ ತುಳಿತಕ್ಕೂ ಕುಸಿದು ಇನ್ನಷ್ಟು ತಿನ್ನುತ್ತದೆ. ಮಡ್‌ಗಾರ್ಡ್ ನೆಪಮಾತ್ರಕ್ಕೆ, ಕ್ಯಾರಿಯರ್ ಇಲ್ಲವೇ ಇಲ್ಲ. ಹಾಲು ಹೊರಲಾಗದ ಸೈಕಲ್ ಎಂಬುದೇ ಅದರ ಆಕರ್ಷಣೆ. ಇದನ್ನು ತುಳಿಯುವವನು ದುಡಿಯಲು ಹೋಗುತ್ತಿಲ್ಲ ಎಂದು ನೋಡಿದವರಿಗೆ ಗೊತ್ತಾಗಬೇಕು. ಅಣ್ಣನಿಗೆ ಬೇಕಿದ್ದದ್ದೂ ಅದೇ. ಅಪ್ಪ ಸಾಲ ಮಾಡಿ ಕೊಂಡದ್ದೂ ಅದನ್ನೇ. ಹದಿಮೂರು-ಹದಿನಾಲ್ಕರ ಹುಡುಗನಿಗೆ ಅವಮಾನದಿಂದ ಪಾರಾಗಲು ಮೂರು ಸಾವಿರ ರೂಪಾಯಿ ಬೇಕಾಗಿದ್ದರೆ, ಅದು ದುಬಾರಿ ಎನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ನನ್ನ ಸೈಕಲ್ಲಿನ ಕಥೆ ಬೇರೆ. ನಾನು ಸರ್ಕಾರಿ ಕನ್ನಡ ಶಾಲೆಯವಳು. ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. 2009ರಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳಲ್ಲಿ ಒಂದು ನನ್ನದಾಯಿತು. ಬಾರು ಇಳಿಬಿಟ್ಟ ಲೇಡೀಸ್ ಸೈಕಲ್. ಹೈಸ್ಕೂಲು ನಮ್ಮೂರಿಂದ ನಾಲ್ಕು ಕಿಲೋಮೀಟರ್. ಬಸ್ಸು ದಿನಕ್ಕೆರಡು. ಅದಕ್ಕೆ ಮೊದಲಿನ ವರ್ಷಗಳಲ್ಲಿ ನಮ್ಮ ಬೀದಿಯ ಮೂವರು ಹುಡುಗಿಯರು ಏಳನೇ ತರಗತಿಗೆ ಶಾಲೆ ಬಿಟ್ಟಿದ್ದರು. ಬಿಹಾರದಲ್ಲಿ 2006ರಲ್ಲಿ ಆರಂಭವಾದ ಇಂಥದ್ದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದ್ದಾರೆ. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇ. 32ರಷ್ಟು ಏರಿತು, ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚು ಎಂದು ಅವರು ಕಂಡುಕೊಂಡರು. ಓದುವಾಗ ಅಂಕಿಯ ಬದಲು ನನಗೆ ಕಂಡದ್ದು ಆ ಶಾಲೆಯ ಅಂಗಳ. ಮನೆಯಲ್ಲಿ ಅಣ್ಣನಿಗೆ ಸಿಕ್ಕ ಶಾಲೆ, ಅಣ್ಣನಿಗೆ ಸಿಕ್ಕ ಸೈಕಲ್ ನನಗೆ ಸಿಗಲಿಲ್ಲ, ನಿಜ. ಆದರೆ ಅಣ್ಣನದ್ದು ನೋಡುವವರಿಗಾಗಿ ಇದ್ದ ಸೈಕಲ್, ನನ್ನದು ದೂರ ದಾಟಲು ಇದ್ದದ್ದು. ಆ ಸೈಕಲ್ಲಿಗೆ ಕ್ಯಾರಿಯರ್ ಇತ್ತು, ಚೈನಿಗೆ ಮುಚ್ಚಳ ಇತ್ತು, ಲಂಗ ಸಿಕ್ಕಿಕೊಳ್ಳುತ್ತಿರಲಿಲ್ಲ. ಪಿಯುಸಿ ಮುಗಿಯುವವರೆಗೂ ಅದು ನನ್ನನ್ನು ಹೊತ್ತಿತು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಫೆಲೋಶಿಪ್ ಹಣ ಬರುವುದು ಅದರ ಮನಸ್ಸು ಬಂದಾಗ. ಹಾಗಾಗಿ ಹದಿನೈದು ಸಾವಿರದ ಮೇಲೆ ಹೋಗಬಾರದು ಎಂದು ಗೆರೆ ಹಾಕಿಕೊಂಡಿದ್ದೆ. ಮೊದಲು ಅಂಗಡಿಯ ಹುಡುಗ ತೋರಿಸಿದ್ದು ಮತ್ತೆ ರೇಂಜರುಗಳನ್ನೇ, ಈಗ ಡಿಸ್ಕ್ ಬ್ರೇಕಿನವು. "ನನಗೆ ಬೆಟ್ಟ ಇಳಿಯೋದಿಲ್ಲ, ಯೂನಿವರ್ಸಿಟಿಗೆ ಹೋಗ್ಬೇಕು" ಎಂದೆ. "ಹಾಗಾದ್ರೆ ಹೈಬ್ರಿಡ್ ನೋಡಿ ಮೇಡಂ" ಎಂದು ಒಳಗೆ ಕರೆದುಕೊಂಡು ಹೋದ.

ಹೈಬ್ರಿಡ್ ಎಂಬ ಹೆಸರು ಅಮೆರಿಕದಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಚಾಲ್ತಿಗೆ ಬಂತು. ಅಲ್ಲಿಯೂ ಜನ ಮೌಂಟನ್ ಬೈಕುಗಳನ್ನು ಮುಗಿಬಿದ್ದು ಕೊಂಡು, ಊರಿನ ರಸ್ತೆಯಲ್ಲೇ ಓಡಿಸುತ್ತಿದ್ದರು. ಆಗ ಕಂಪನಿಗಳು ಮೌಂಟನ್ ಬೈಕಿನ ನೇರ ಹ್ಯಾಂಡಲ್ಲು, ಗೇರು, ಬ್ರೇಕುಗಳನ್ನು ಉಳಿಸಿಕೊಂಡು, ರೇಸಿಂಗ್ ಸೈಕಲ್ಲಿನ ದೊಡ್ಡ ಚಕ್ರ ಹಾಕಿ, ನಡುಗಾತ್ರದ ಟೈರು ಕೊಟ್ಟವು. ಎರಡು ತಳಿಗಳ ಮಿಶ್ರಣ ಎಂಬ ಅರ್ಥದಲ್ಲಿ ಅದು ಹೈಬ್ರಿಡ್, ನಮ್ಮ ಜೋಳ, ಹತ್ತಿಗಳ ಹಾಗೆ.

ನಾನು ಕುಕ್ಕರಗಾಲಿನಲ್ಲಿ ಕೂತು ಟೈರಿನ ಪಕ್ಕೆಯ ಮೇಲಿದ್ದ ಅಕ್ಷರಗಳನ್ನು ಶಾಸನ ಓದುವ ಹಾಗೆ ಓದಿದೆ. 37-622 ಎಂದಿತ್ತು. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನನ್ನ ರೇಂಜರಿನದ್ದು 559. ಊರಿನ ರೋಡ್‌ಸ್ಟರುಗಳ 28 ಇಂಚಿನ ಚಕ್ರದ್ದು 635. ಅಂದರೆ ಈ ಹೊಸ ಹೈಬ್ರಿಡ್ ನನ್ನ ರೇಂಜರಿನಿಂದ 63 ಮಿಲಿಮೀಟರ್ ದೂರದಲ್ಲಿತ್ತು, ತಾತನ ಸೈಕಲ್ಲಿನಿಂದ ಬರೀ 13 ಮಿಲಿಮೀಟರ್. ಎದ್ದು ಅದರ ಮೇಲೆ ಕೂತೆ. ಬೆನ್ನು ಹೆಚ್ಚು ಬಾಗಲಿಲ್ಲ, ಕಣ್ಣು ರಸ್ತೆಯ ಮೇಲಿತ್ತು. ಅಂಗಡಿಯ ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದಾಗ ಆದದ್ದು ಹೊಸ ಅನುಭವವಲ್ಲ, ಬಾರಿನ ಕೆಳಗಿನಿಂದ ಒಮ್ಮೆ ಗುರುತಾಗಿದ್ದ ಹಳೆಯ ಓಟ. ಅಣ್ಣ ನಾಚಿದ್ದ ಆಕಾರವನ್ನೇ ಈಗ ಬೇರೆ ಹೆಸರಿಟ್ಟು, ಬೂದು ಬಣ್ಣ ಬಳಿದು, ಅಣ್ಣನ ತಲೆಮಾರಿನವರಿಗೆ ಐದು ಪಟ್ಟು ಬೆಲೆಗೆ ಮಾರುತ್ತಿದ್ದರು.

ಹಾಗೆಂದು ಎಲ್ಲ ಹಳೆಯದೇ ಎನ್ನುವಂತಿಲ್ಲ. ತಾತನದ್ದು ಇಪ್ಪತ್ತು ಕಿಲೋ ಹತ್ತಿರ ತೂಗುತ್ತಿತ್ತು, ಇದು ಅಲ್ಯೂಮಿನಿಯಂ ಚೌಕಟ್ಟಿನದ್ದು, ಮೂರನೇ ಮಹಡಿಯ ನನ್ನ ಕೋಣೆಗೆ ಒಬ್ಬಳೇ ಹೊತ್ತೊಯ್ಯಬಹುದು. ಮಳೆಯಲ್ಲಿ ಆ ಕಂಬಿ ಬ್ರೇಕು ಹಿಡಿದರೂ ಗಾಡಿ ತನ್ನಷ್ಟಕ್ಕೆ ಹೋಗುತ್ತಿತ್ತು. ಇದಕ್ಕಿರುವುದು ಮೌಂಟನ್ ಬೈಕಿಗೆಂದು ಶಿಮಾನೊ 1996ರಲ್ಲಿ ತಂದ ವಿ-ಬ್ರೇಕಿನ ಮಾದರಿ. ಎರಡು ಬೆರಳು ಸಾಕು. ಗೇರು ಇರುವುದರಿಂದ ಕುಕ್ಕರಹಳ್ಳಿ ಕೆರೆಯ ಬದಿಯ ಏರಿನಲ್ಲಿ ಇಳಿದು ತಳ್ಳಬೇಕಿಲ್ಲ. ಟಮಲ್ಪಾಯಸ್ ಬೆಟ್ಟದ ಹುಡುಗರಿಗೆ ಅಷ್ಟರ ಮಟ್ಟಿಗೆ ನಾನು ಋಣಿ.

ನಮ್ಮ ಬೀದಿಯ ಸೈಕಲ್ ಶಾಪಿನವರನ್ನೇ ಒಂದು ಭಾನುವಾರ ಜೊತೆಗೆ ಕರೆದುಕೊಂಡು ಹೋದೆ. ಅವರು ನೋಡಿದ ರೀತಿಯೇ ಬೇರೆ. ಬಣ್ಣದ ಕಡೆ ಕಣ್ಣು ಹಾಯಿಸಲಿಲ್ಲ. ಚಕ್ರ ಎತ್ತಿ ತಿರುಗಿಸಿ ಬೆಂಡ್ ನೋಡಿದರು. ಮುಂದೆ ಸ್ಪ್ರಿಂಗ್ ಇರುವುದು ಬೇಡ, ಈ ಬೆಲೆಯಲ್ಲಿ ಬರುವ ಸ್ಪ್ರಿಂಗು ಎರಡೇ ವರ್ಷಕ್ಕೆ ಜಾಮ್ ಆಗುತ್ತದೆ, ಗಟ್ಟಿ ಫೋರ್ಕೇ ಇರಲಿ ಎಂದರು. ಡಿಸ್ಕ್ ಬ್ರೇಕ್ ಬೇಡ, ಅದರ ಪ್ಯಾಡು ತಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ, ರಬ್ಬರಿನ ಬ್ರೇಕ್ ಶೂ ಆದರೆ ಎಲ್ಲಿ ಬೇಕಾದರೂ ಸಿಗುತ್ತದೆ ಎಂದರು. ಹಿಂದಿನ ಆಕ್ಸಲ್ ಹತ್ತಿರ ಕ್ಯಾರಿಯರ್ ಕೂರಿಸಲು ತೂತು ಇದೆಯೇ ಎಂದು ಬೆರಳು ಹಾಕಿ ನೋಡಿದರು. "700ರ ಟ್ಯೂಬು ನಮ್ಮಲ್ಲಿ ಸ್ಟಾಕ್ ಇರಲ್ಲ ಅಮ್ಮಾ, ಒಂದು ಜಾಸ್ತಿ ತಗೊಂಡು ಬ್ಯಾಗಲ್ಲಿ ಇಟ್ಕೊಂಬಿಡಿ" ಎಂದು ಎಚ್ಚರಿಸಿದರು. ಕಡಿಮೆ ಬೆಲೆಯ ಸೈಕಲ್ ಎಂದರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದಲ್ಲ, ಪಂಕ್ಚರ್ ಆದ ಕಡೆ ರಿಪೇರಿ ಆಗುವುದು ಎಂಬುದನ್ನು ನಾನು ಕಲಿತದ್ದು ಅವರಿಂದ.

ಹಿಂದಿನ ವರ್ಷದ ಮಾಡೆಲ್ ಒಂದು 13,800ಕ್ಕೆ ಸಿಕ್ಕಿತು. ಕ್ಯಾರಿಯರಿಗೆ 650, ಮಡ್‌ಗಾರ್ಡಿಗೆ 450, ಸ್ಟ್ಯಾಂಡಿಗೆ 300, ಬೆಲ್ಲಿಗೆ 80. ಗೆರೆ ದಾಟಿ 280 ರೂಪಾಯಿ ಹೆಚ್ಚಾಯಿತು. ಕ್ಯಾರಿಯರ್ ಹಾಕುವಾಗ ಅಂಗಡಿಯ ಹುಡುಗ ಒಪ್ಪಲಿಲ್ಲ. "ಇದಕ್ಕೆ ಯಾರೂ ಹಾಕಿಸಲ್ಲ ಮೇಡಂ, ಲುಕ್ ಹೋಗುತ್ತೆ" ಎಂದ. ಅವನ ವಯಸ್ಸು ಆಗಿನ ಅಣ್ಣನಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ನನಗೆ ಸಿಟ್ಟು ಬರಲಿಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಟ್ರಿಣ್ ಟ್ರಿಣ್ ಶುರುವಾಯಿತು. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ತೊಟ್ಟ ತಂಡಗಳು ಚಾಮುಂಡಿ ಬೆಟ್ಟ ಹತ್ತುತ್ತವೆ. ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ ಪೇಪರ್ ಹಾಕುವವರು, ಸೊಪ್ಪು ಮಾರುವವರು, ಗಾರೆ ಕೆಲಸಕ್ಕೆ ಹೋಗುವವರು ಕಪ್ಪು ಸೈಕಲ್ ತುಳಿಯುತ್ತಿರುತ್ತಾರೆ. ಮೊದಲಿನವರನ್ನು ನಾವು 'ಸೈಕ್ಲಿಸ್ಟ್' ಎನ್ನುತ್ತೇವೆ. ಎರಡನೆಯವರಿಗೆ ಹೆಸರೇ ಇಲ್ಲ. 2011ರ ಜನಗಣತಿಯಂತೆ ದೇಶದ ಶೇ. 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಅವುಗಳಲ್ಲಿ ಎಷ್ಟಕ್ಕೆ ಕ್ಯಾರಿಯರ್ ಇತ್ತು ಎಂದು ಗಣತಿಯವರು ಕೇಳುವುದಿಲ್ಲ. ಕೇಳಿದ್ದರೆ ದುಡಿಯುವ ಸೈಕಲ್ ಯಾವುದು, ತೋರಿಸುವ ಸೈಕಲ್ ಯಾವುದು ಎಂಬ ಲೆಕ್ಕ ಸಿಗುತ್ತಿತ್ತೇನೋ. ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ.

ಹೊಸ ಸೈಕಲ್ಲಿನ ಫೋಟೋ ಮನೆಗೆ ಕಳಿಸಿದೆ. ಅಪ್ಪ ಫೋನ್ ಮಾಡಿ, "ಅಷ್ಟು ದುಡ್ಡಿಗೆ ಇನ್ನೊಂಚೂರು ಸೇರ್ಸಿದ್ರೆ ಹಳೇ ಸ್ಕೂಟಿ ಬರ್ತಿರ್ಲಿಲ್ವಾ ಮಗಾ?" ಅಂದರು. ಪೆಟ್ರೋಲಿಗೆ ಯಾರು ಕೊಡ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತನ ಗಾಡಿ ಇದ್ದಂಗೈತೆ" ಎಂದರು. ಅಣ್ಣ ಪಕ್ಕದಲ್ಲೇ ಇದ್ದನಂತೆ. ಅವನು ಕೇಳಿದ್ದು ಒಂದೇ, "ನನ್ ರೇಂಜರ್ ಏನ್ ಮಾಡ್ದೆ?"

ಅದನ್ನು ಮಾರಲಿಲ್ಲ. ಚೌಕಟ್ಟು ಗುಜರಿಗೆ ಹೋಯಿತು, ಚಕ್ರ, ಪೆಡಲ್, ಹ್ಯಾಂಡಲ್ಲುಗಳನ್ನು ಸೈಕಲ್ ಶಾಪಿನವರಿಗೆ ಕೊಟ್ಟೆ. 26 ಇಂಚಿನ ರಿಮ್ಮಿಗೆ ಯಾವಾಗಲೂ ಗಿರಾಕಿ ಇರುತ್ತಾರಂತೆ. ಈಗ ಆ ಮುಂಚಕ್ರ ನಮ್ಮ ಬೀದಿಯ ಗಾರೆ ಕೆಲಸದವರ ಮಗನ ಸೈಕಲ್ಲಿನಲ್ಲಿದೆ. ಸಂಜೆ ಶಾಲೆಯಿಂದ ಬರುವಾಗ ಅವನು ಗೇಟಿನ ಹತ್ತಿರ ಒಂದು ಕಾಲು ನೆಲಕ್ಕೂರಿ ನಿಲ್ಲುತ್ತಾನೆ. ಮೊನ್ನೆ ನಾನು ಕ್ಯಾರಿಯರಿಗೆ ಪುಸ್ತಕದ ಚೀಲ ಬಿಗಿದು ಹೊರಟಾಗ ಅವನು ನನ್ನ ಸೈಕಲ್ಲನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಆಂಟಿ, ನಿಮ್ದು ಯಾಕೆ ಹಳೇ ಸೈಕಲ್ ಥರ ಐತೆ?" ಎಂದು ಕೇಳಿದ. "ದೂರ ಹೋಗ್ಬೇಕಲ್ಲಪ್ಪಾ" ಎಂದು ಹೇಳಿ ಪೆಡಲ್ ತುಳಿದೆ.